ಸಿಸ್ಟರಮ್ಮ ಬರ್ತಾರೆ ಅಂತ

ಗ್ಲುಕೋಮೀಟರಿನಲ್ಲಿ ನೂರಾ ಎಂಟು ಅಂತ ಬಂದ ಆ ಬೆಳಿಗ್ಗೆ ನಾನು ಖುಷಿ ತಡೆಯಲಾರದೆ ಹುಳಮನೆ ಅಕ್ಕನ ಕೆನ್ನೆ ಹಿಂಡಿಬಿಟ್ಟೆ. ನನಗಿಂತ ಹತ್ತು ಹನ್ನೆರಡು ವರ್ಷವಾದರೂ ದೊಡ್ಡವರು, ಸೊಸೆ ಬಂದಿರುವ ಮನೆಯ ಯಜಮಾನಿ. ಆದರೂ ನಾಚಿಕೊಂಡು ಸೆರಗು ಬಾಯಿಗೆ ಇಟ್ಟುಕೊಂಡರು. "ಪಾಸಾ ಸಿಸ್ಟರಮ್ಮ?" ಅಂದರು. "ಬರೀ ಪಾಸಲ್ಲ ಅಕ್ಕ, ಫಸ್ಟ್ ಕ್ಲಾಸು!" ಅಂದೆ. ಆ ಮಾತು ಈಗ ನೆನಪಾದರೆ ಮೈಯೆಲ್ಲಾ ಜುಂ ಅನ್ನುತ್ತೆ.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ಹೊರಳಿಕೊಂಡರೆ ಸಿಗುವ ಊರು ಅವರದು. ಸುತ್ತ ಹಿಪ್ಪುನೇರಳೆ ತೋಟ, ಹೆಚ್ಚುಕಮ್ಮಿ ಮನೆಗೊಂದು ರೇಷ್ಮೆ ಹುಳ ಸಾಕುವ ಕೊಠಡಿ. ಇವರದು ಊರಿಗೇ ದೊಡ್ಡ ಹುಳಮನೆ. ಅದಕ್ಕೇ ನಮ್ಮ ತಂಡದಲ್ಲಿ ಹುಳಮನೆ ಅಕ್ಕ ಅಂತಲೇ ಹೆಸರು ಬಿದ್ದುಬಿಟ್ಟಿತ್ತು. ಸಕ್ಕರೆ ಕಾಯಿಲೆ ಅವರಿಗೆ ಹಳೇದು. ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವ ಮಾತು, ಬಾಯ್ತುಂಬ ನಗು, ಮಾತ್ರೆ ಮಾತ್ರ ನೆನಪಾದರೆ ಉಂಟು ಇಲ್ಲದಿದ್ದರೆ ಇಲ್ಲ. ಅವರ ತಾಯಿಗೂ ಇದೇ ಕಾಯಿಲೆ ಇತ್ತು. ಮೊಣಕಾಲಿನ ಕೆಳಗೆ ಕಾಲು ತೆಗೆದಿದ್ದರು. ಮೊದಲನೇ ಸಲ ಹೋದಾಗಲೇ ನನ್ನ ಕೈ ಹಿಡಿದುಕೊಂಡು, "ಏನಾದ್ರೂ ಮಾಡಮ್ಮ, ನನ್ನ ಕಾಲೊಂದು ಉಳಿಸಿಕೊಡಿ. ನಮ್ಮಮ್ಮನ ಥರ ಮೂಲೇಲಿ ಕೂತ್ಕೊಳ್ಳೋಕೆ ನನ್ನ ಕೈಲಾಗಲ್ಲ" ಅಂದಿದ್ದರು. ಆಯ್ತು ಅಕ್ಕ ಅಂದಿದ್ದೆ. ನನಗೆ ಆ ಕೆಲಸ ಆಗ ಅಷ್ಟೇನೂ ಕಷ್ಟ ಅನ್ನಿಸಿರಲಿಲ್ಲ.

ನಾನು ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಅಲ್ಲಿನ ಸಮುದಾಯ ಆರೋಗ್ಯ ವಿಭಾಗದ ಡಾಕ್ಟರಮ್ಮ ಒಂದು ಸಂಶೋಧನೆ ಹಿಡಿದಿದ್ದರು. ನರ್ಸು ತಿಂಗಳಿಗೊಮ್ಮೆ ರೋಗಿಯ ಮನೆಗೇ ಹೋಗಿ, ರಕ್ತ ನೋಡಿ, ಊಟ ಮಾತ್ರೆಯ ವಿಚಾರ ಕೂತು ಮಾತಾಡಿ ಬಂದರೆ ಸಕ್ಕರೆ ಹತೋಟಿಗೆ ಬರುತ್ತದೆಯೇ ಅನ್ನುವುದು ಪ್ರಶ್ನೆ. ಲೆಕ್ಕ ನೋಡುವುದಕ್ಕೆ ಅಂಕಿಸಂಖ್ಯೆಯ ಮೇಷ್ಟ್ರೊಬ್ಬರು, ಊರಿನಲ್ಲಿ ಜೊತೆಗೆ ಬರುವುದಕ್ಕೆ ಆಶಾ ಕಾರ್ಯಕರ್ತೆ, ಮನೆಮನೆ ತಿರುಗುವುದಕ್ಕೆ ನಾನು. ಎಲ್ಲ ಮುಗಿದ ಮೇಲೆ ಒಟ್ಟಿಗೆ ಕೂತು ಬರೆದು ವೈದ್ಯಕೀಯ ಪತ್ರಿಕೆಗೆ ಕಳಿಸಬೇಕು. ಶಿಡ್ಲಘಟ್ಟದ ಕಡೆ ಕೆಲವು ಊರು, ಗೌರಿಬಿದನೂರಿನ ನಗರಗೆರೆ ಕಡೆ ಕೆಲವು ಊರು. ನನ್ನ ಸ್ಕೂಟರಿನ ಟೈರು ಸವೆದದ್ದು ಆ ದಾರಿಗಳಲ್ಲೇ.

ಕೆಲಸದ ಕ್ರಮ ಹೀಗಿತ್ತು. ಹಿಂದಿನ ದಿನ ಆಶಾ ಫೋನ್ ಮಾಡುತ್ತಿದ್ದಳು: "ನಾಳೆ ಬೆಳಿಗ್ಗೆ ಸಿಸ್ಟರಮ್ಮ ಬರ್ತಾರೆ, ಖಾಲಿ ಹೊಟ್ಟೇಲಿರಿ." ಮುಂಚೆ ತಿಳಿಸದೆ ಯಾರ ಮನೆಗೂ ಹೋಗುವಂತಿಲ್ಲ ಅಂತ ಒಪ್ಪಿಗೆ ಪತ್ರದಲ್ಲೇ ಬರೆದಿತ್ತು, ಸಂಶೋಧನೆಯ ರೀತಿನೀತಿ ನೋಡುವ ಎಥಿಕ್ಸ್ ಕಮಿಟಿಯವರು ಅದನ್ನು ನೋಡಿಯೇ ಅನುಮತಿ ಕೊಟ್ಟಿದ್ದರು. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅಂಗಳ ಗುಡಿಸಿ ನೀರು ಹಾಕಿ ರಂಗೋಲಿ ಬಿಟ್ಟಿರುತ್ತಿತ್ತು, ಜಗಲಿ ಮೇಲೆ ಚಾಪೆ. ಒಳಗೆ ಕರೆಯುತ್ತಿರಲಿಲ್ಲ. ಬೆರಳು ಒರೆಸುವ ಸ್ಪಿರಿಟಿನ ವಾಸನೆ ಹುಳಕ್ಕೆ ಆಗುವುದಿಲ್ಲ ಅಂತ ಹುಳಮನೆ ಅಕ್ಕನ ಕಟ್ಟುನಿಟ್ಟು. ಜಗಲಿಯ ಆ ತುದಿಯಲ್ಲಿ ಬೆರಳು ಒರೆಸಿ, ಆರಿದ ಮೇಲೆ ಸೂಜಿ ಚುಚ್ಚಿ, ಮೊದಲ ಹನಿ ಒರೆಸಿ ತೆಗೆದು, ಎರಡನೇ ಹನಿ ಪಟ್ಟಿಗೆ ತಾಗಿಸಿ, ಅಂಕಿ ಬರುವ ತನಕ ಇಬ್ಬರೂ ಉಸಿರು ಬಿಗಿ ಹಿಡಿದು ಕೂರುತ್ತಿದ್ದೆವು.

ನನಗೆ ಮೂಗಿನ ತುದಿಯಲ್ಲೇ ಕೋಪ. ಇನ್ನೂರು ಮುನ್ನೂರು ಬಂದರೆ ಸುಮ್ಮನಿರುವ ಪೈಕಿ ಅಲ್ಲ. "ಏನಕ್ಕಾ ಇದು? ಮದುವೆ ಮನೇಲಿ ಹೋಳಿಗೆ ಹೊಡೆದ್ರಾ? ನಾನು ಇಷ್ಟು ದೂರ ಬಿಸಿಲಲ್ಲಿ ಬರೋದು ಯಾತಕ್ಕೆ?" ಅಂತ ಬಾಯಿ ಮಾಡುತ್ತಿದ್ದೆ. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ಸ್ವಂತ ತಂಗಿ ಬೈದ ಹಾಗೆ ನಗುತ್ತಿದ್ದರು. ಅಂಕಿ ಇಳಿದಾಗ ಅಷ್ಟೇ ಜೋರಾಗಿ ಹೊಗಳುತ್ತಿದ್ದೆ. ಮೂರು ನಾಲ್ಕು ತಿಂಗಳಾಗುವ ಹೊತ್ತಿಗೆ ಬೀದಿಗೆ ಬೀದಿಯೇ ಇಳಿಯುತ್ತಾ ಬಂತು. ನೂರಾ ಇಪ್ಪತ್ತು, ನೂರಾ ಹತ್ತು, ಹುಳಮನೆ ಅಕ್ಕನದ್ದು ನೂರಾ ಎಂಟು. "ಕಾಲು ಹೆಂಗಿದೆ ಅಕ್ಕ?" ಅಂತ ಪ್ರತಿ ಸಲ ಕೇಳುತ್ತಿದ್ದೆ. "ಪರ್ವಾಲೇದಮ್ಮ" ಅನ್ನುತ್ತಿದ್ದರು. ಇಷ್ಟು ಚೆಂದದ ಅಂಕಿ ಇಟ್ಟುಕೊಂಡವರ ಕಾಲನ್ನು ಬಗ್ಗಿ ನೋಡುವ ಯೋಚನೆ ನನಗೂ ಬರಲಿಲ್ಲ.

ಶನಿವಾರ ಶನಿವಾರ ಚಿಕ್ಕಬಳ್ಳಾಪುರದಲ್ಲಿ ಬರೆಯುವ ಸಭೆ. ನನ್ನ ಇಂಗ್ಲಿಷ್ ವಾರ್ಡಿನ ಇಂಗ್ಲಿಷ್. ಮನೆಗೆ ಹೋದಾಗ ಏನೇನು ಮಾಡಿದೆವು ಅನ್ನುವ ಭಾಗವನ್ನು ನಾನು ಕನ್ನಡದಲ್ಲಿ ಬರೆದುಕೊಡುವುದು, ಡಾಕ್ಟರಮ್ಮ ಇಂಗ್ಲಿಷಿಗೆ ತರುವುದು, ಮೇಷ್ಟ್ರು ಅದರ ಕೆಳಗೆ ಗೀಟು ಎಳೆದು ಪ್ರಶ್ನೆ ಹಾಕುವುದು. "ಮಾತಾಡಿದೆವು ಅಂದರೆ ಎಷ್ಟು ಹೊತ್ತು? ಯಾವ ವಿಷಯ? ಎಲ್ಲರ ಮನೆಯಲ್ಲೂ ಅದೇ ವಿಷಯವಾ?" ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲಾಮೇಲೆ ಆ ಪ್ರಶ್ನೆಗಳು ಬಾರದಿದ್ದರೆ ನಾನೇ ಕೇಳಿಕೊಳ್ಳುವ ಹಾಗಾಯಿತು. ಒಂದು ಶನಿವಾರ ಡಾಕ್ಟರಮ್ಮ ಕಂಪ್ಯೂಟರು ನನ್ನ ಕಡೆ ತಿರುಗಿಸಿದರು. ಲೇಖಕರ ಹೆಸರುಗಳ ಸಾಲಿನಲ್ಲಿ ನನ್ನದು ಮೊದಲಿಗಿತ್ತು. ನಾನು ಕಂಡ ಹಾಗೆ ನರ್ಸುಗಳ ಹೆಸರು ಇಂಥ ಲೇಖನದಲ್ಲಿ ಬಂದರೆ ಕೊನೆಯಲ್ಲಿ, ವಂದನೆಗಳ ಸಾಲಿನಲ್ಲಿ. "ಓಡಾಡಿದ್ದು ನೀವು ಸಿಸ್ಟರ್, ಬರೆದದ್ದೂ ನೀವು. ಇನ್ಯಾರ ಹೆಸರು ಹಾಕೋಣ?" ಅಂದರು.

ಇಂಥ ಸುದ್ದಿ ನನ್ನ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ಮುಂದಿನ ಸುತ್ತಿನಲ್ಲಿ ಜಗಲಿ ಜಗಲಿಗೂ ಹೇಳಿಕೊಂಡು ಬಂದೆ. "ನಮ್ಮೂರಿನ ಕೆಲಸ ಪುಸ್ತಕದಲ್ಲಿ ಬರುತ್ತೆ ಕಣಕ್ಕಾ, ನನ್ನ ಹೆಸರು ಮೊದಲಿಗೆ ಬರುತ್ತೆ!" ಹುಳಮನೆ ಅಕ್ಕ ನನ್ನ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದರು.

ಮೊದಲ ಪೆಟ್ಟು ಬಿದ್ದದ್ದು ಲ್ಯಾಬಿನಿಂದ. ಬೆರಳಿನ ಹನಿ ಆ ಹೊತ್ತಿನ ಸಕ್ಕರೆಯನ್ನಷ್ಟೇ ಹೇಳುತ್ತದೆ. ಹಿಂದಿನ ಎರಡು ಮೂರು ತಿಂಗಳಲ್ಲಿ ಒಟ್ಟಾರೆ ಹೇಗಿತ್ತು ಅಂತ ಹೇಳುವ ಇನ್ನೊಂದು ಪರೀಕ್ಷೆ ಇದೆ, ಅದಕ್ಕೆ ತೋಳಿನಿಂದ ರಕ್ತ ತೆಗೆಯಬೇಕು. ಮೇಷ್ಟ್ರು ಹಟ ಹಿಡಿದು, ಕೆಲವರದ್ದಾದರೂ ಅದನ್ನು ಶುರುವಿನಲ್ಲೊಮ್ಮೆ, ಈಗೊಮ್ಮೆ ಮಾಡಿಸಲೇಬೇಕು ಅಂದಿದ್ದರು. ನೇರಳೆ ಮುಚ್ಚಳದ ಟ್ಯೂಬುಗಳಲ್ಲಿ ರಕ್ತ ತುಂಬಿ, ಲಸಿಕೆ ಸಾಗಿಸುವ ಡಬ್ಬಿಯಲ್ಲಿ ಐಸ್ ಜೊತೆ ಇಟ್ಟು, ಸ್ಕೂಟರಿನ ಕಾಲ ಬಳಿ ಭದ್ರ ಮಾಡಿಕೊಂಡು ನಾನೇ ತಂದಿದ್ದೆ. ಫಲಿತಾಂಶ ನೋಡಿ ಮೂವರೂ ಕಕ್ಕಾಬಿಕ್ಕಿ. ಒಬ್ಬರದ್ದೂ ಇಳಿದಿಲ್ಲ. ಕೆಲವರದ್ದು ಶುರುವಿಗಿಂತ ಮೇಲಕ್ಕೇ ಹೋಗಿದೆ.

"ಎರಡರಲ್ಲಿ ಒಂದು ಸುಳ್ಳು ಹೇಳ್ತಾ ಇದೆ" ಅಂದರು ಮೇಷ್ಟ್ರು.

ನಾನು ರೇಗಿದೆ. "ನಾನು ಕಣ್ಣಾರೆ ನೋಡಿದ ಅಂಕಿ ಸಾರ್ ಅದು! ಸುಳ್ಳು ಅಂದ್ರೆ ಏನರ್ಥ?"

"ನೀವು ಸುಳ್ಳು ಹೇಳಿದ್ರಿ ಅನ್ನಲಿಲ್ಲ ಸಿಸ್ಟರ್. ಅಂಕಿ ಹೇಳ್ತಿದೆ ಅಂದೆ."

ಡಾಕ್ಟರಮ್ಮ ನಡುವೆ ಬಂದರು. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇದ್ದವರಲ್ಲಿ ಈ ಪರೀಕ್ಷೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ನಮ್ಮ ಕಡೆಯ ಹೆಂಗಸರಲ್ಲಿ ರಕ್ತ ಕಮ್ಮಿ ಇರುವುದು ಹೊಸದಲ್ಲ. ಅದು ಪೂರ್ತಿ ನಿಜ, ಆದ್ದರಿಂದಲೇ ನಾವು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆವು. ಲೇಖನದ ಕೊನೆಗೆ ಅದರದ್ದೊಂದು ವಾಕ್ಯ ಸೇರಿಸಿ ಕಳಿಸಿಬಿಡೋಣ ಅಂತ ತೀರ್ಮಾನವಾಯಿತು. ಮೇಷ್ಟ್ರು ತಲೆ ಆಡಿಸಿದರು, ಆದರೆ ಪೆನ್ನಿನ ಮುಚ್ಚಳ ಹಾಕಲಿಲ್ಲ. ಕಳಿಸುವ ಮುಂಚೆ ಕೊನೆಯ ಸುತ್ತೊಂದು ಬಾಕಿ ಇತ್ತು, ಅದಕ್ಕೆ ಡಾಕ್ಟರಮ್ಮ ತಾವೂ ಬರುತ್ತೇನೆ ಅಂದರು. ಆಶಾ ಎಂದಿನಂತೆ ಫೋನ್ ಮಾಡಿದಳು, ಎರಡು ದಿನ ಮುಂಚೆಯೇ: "ಈ ಸಲ ಡಾಕ್ಟರಮ್ಮನೂ ಬರ್ತಾರೆ, ಇದೇ ಕೊನೇ ಪರೀಕ್ಷೆ."

ಆ ಬೆಳಿಗ್ಗೆ ಜೀಪಿನಿಂದ ಇಳಿದಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ರಂಗೋಲಿ ಅರ್ಧಕ್ಕೆ ನಿಂತಿತ್ತು. ಪಕ್ಕದಲ್ಲಿ ರಂಗೋಲಿ ಬಟ್ಟಲು ಬೋರಲು ಬಿದ್ದಿತ್ತು. ಹುಳಮನೆ ಅಕ್ಕ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು, ಕುಪ್ಪಸ ಬೆವರಿಗೆ ಒದ್ದೆಮುದ್ದೆ. ನನ್ನನ್ನು ನೋಡಿದರು, ಆದರೆ ಗುರುತು ಹಿಡಿಯಲಿಲ್ಲ. ಏನೇನೋ ತೆಲುಗಿನಲ್ಲಿ ತೊದಲುತ್ತಿದ್ದರು. "ಅಕ್ಕಾ!" ಅಂತ ಭುಜ ಹಿಡಿದರೆ ಕತ್ತು ಪಕ್ಕಕ್ಕೆ ವಾಲಿತು. ಬೆರಳು ಚುಚ್ಚಿದೆ. ಮೀಟರಿನಲ್ಲಿ ಅಂಕಿಯೇ ಬರಲಿಲ್ಲ. ಲೋ ಅಂತ ಎರಡು ಇಂಗ್ಲಿಷ್ ಅಕ್ಷರ ಬಂತು. ಅಳೆಯುವುದಕ್ಕೂ ಸಿಗದಷ್ಟು ಸಕ್ಕರೆ ಇಳಿದಾಗ ಬರುವುದು ಅದು.

ನುಂಗುವ ಸ್ಥಿತಿಯಲ್ಲಿ ಇಲ್ಲದವರ ಬಾಯಿಗೆ ನೀರು ಹಾಕಿದರೆ ಉಸಿರಿಗೆ ಹೋಗುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿದೆ. ಸೊಸೆ ಬೆಲ್ಲ ತಂದಳು. ಅದನ್ನು ಪಾಕದ ಹಾಗೆ ಕಿವುಚಿ, ಬೆರಳಲ್ಲಿ ಅದ್ದಿ ಕೆನ್ನೆಯ ಒಳಗಡೆ ಸ್ವಲ್ಪಸ್ವಲ್ಪವೇ ಸವರಿದೆ. ಡಾಕ್ಟರಮ್ಮ ಆಂಬುಲೆನ್ಸಿಗೆ ಫೋನ್ ಮಾಡಿ, ಕಾಯುವುದು ಬೇಡ ಅಂತ ಜೀಪಿನಲ್ಲೇ ಹಾಕಿಸಿದರು. ದಾರಿಯುದ್ದಕ್ಕೂ ಅಕ್ಕನ ತಲೆ ನನ್ನ ತೊಡೆ ಮೇಲೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಗ್ಲುಕೋಸ್ ಹೋದ ಮೇಲೆ ಕಣ್ಣು ನಿಧಾನವಾಗಿ ತೆರೆಯಿತು. ಮೊದಲು ಕೇಳಿದ್ದೇನು ಗೊತ್ತಾ? "ಎಷ್ಟು ಬಂತು ಸಿಸ್ಟರಮ್ಮ?"

ನಾನು ಅಲ್ಲೇ ಮಂಚದ ಕಂಬಿ ಹಿಡಿದು ನಿಂತುಕೊಂಡೆ.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಪಕ್ಕದಲ್ಲಿ ಕೂತು ಕೇಳಿದೆ. "ಅಕ್ಕ, ನಿನ್ನೆ ಏನು ತಿಂದ್ರಿ?"

"ಏನಿಲ್ಲಮ್ಮ."

"ಮೊನ್ನೆ?"

"ಹಾಗಲಕಾಯಿ ರಸ ಕುಡಿದಿದ್ದೆ. ಹುಳ ಬೇರೆ ಹಣ್ಣಾಗಿತ್ತಲ್ಲ, ಎಲ್ಲಾ ಆಯ್ದು ಚಂದ್ರಿಕೆಗೆ ಬಿಡೋದ್ರಲ್ಲಿ ಹೊತ್ತು ಹೋಯ್ತು." ಚಂದ್ರಿಕೆ ಅಂದರೆ ಹಣ್ಣಾದ ಹುಳ ಗೂಡು ಕಟ್ಟಲಿಕ್ಕೆ ಬಿಡುವ ಬಿದಿರಿನ ತಟ್ಟೆ. ಆ ಹೊತ್ತಿನಲ್ಲಿ ಮನೆಮಂದಿಗೆಲ್ಲಾ ಮೈಮುರಿಯೋ ಕೆಲಸ.

"ಮಾತ್ರೆ?"

ಅಕ್ಕ ಸೊಸೆಯ ಮುಖ ನೋಡಿದರು. ಸೊಸೆ ನೆಲ ನೋಡಿದಳು. "ಒಂದಕ್ಕೆ ಎರಡು ಹಾಕ್ಕೊಂಡೆ. ಡಾಕ್ಟರಮ್ಮನೂ ಬರ್ತಾರೆ ಅಂದ್ರಲ್ಲಮ್ಮ."

"ಅಯ್ಯೋ ದೇವರೇ! ಯಾರು ಹೇಳಿದ್ರು ಹಂಗೆ ಮಾಡೋಕೆ?"

"ಯಾರು ಹೇಳ್ಬೇಕು? ಮನೆಗೆ ದೊಡ್ಡೋರು ಬರ್ತಾರೆ ಅಂದ್ರೆ ಗುಡಿಸಿ, ಸಾರಿಸಿ, ರಂಗೋಲಿ ಬಿಡಲ್ವಾ? ಕಸ ಹಂಗೇ ಬಿಟ್ಕೊಂಡು ಕೂರ್ತೀವಾ? ರಕ್ತಾನೂ ಹಂಗೇ ಅಮ್ಮ. ನೀವು ಬರೋ ಹೊತ್ತಿಗೆ ಚೊಕ್ಕ ಮಾಡಿಟ್ಟಿರ್ತಿದ್ದೆ. ನಿಮ್ಮ ಹೆಸರು ಮೊದಲಿಗೆ ಬರುತ್ತೆ ಅಂದಿದ್ರಿ. ನನ್ನಿಂದ ಅದಕ್ಕೆ ಕುಂದು ಬರಬಾರ್ದು ಅಂತ."

ಸೊಸೆ ಮೆಲ್ಲಗೆ ಬಾಯಿಬಿಟ್ಟಳು. "ಅತ್ತೆ ಒಬ್ರೇ ಅಲ್ಲ ಸಿಸ್ಟರ್. ಆಶಾ ಅಕ್ಕನ ಫೋನ್ ಬಂತು ಅಂದ್ರೆ ಬೀದೀಲಿ ಸಕ್ಕರೆ ಇರೋರೆಲ್ಲಾ ಅವತ್ತು ಮುದ್ದೆ ಬಿಡ್ತಾರೆ. ಮಾತ್ರೆ ಮುಗಿದೋರು ಪಕ್ಕದ ಮನೇಲಿ ಇಸ್ಕೊಂಡು ನುಂಗ್ತಾರೆ. ನೀವು ಹೋದ ಮೇಲೆ ಎಲ್ರೂ ಹೊಟ್ಟೆ ತುಂಬ ಉಣ್ತಾರೆ."

ಬೀದಿಗೆ ಬೀದಿಯೇ! ತಿಂಗಳಿಗೆ ಒಂದು ದಿನ, ನನಗೋಸ್ಕರ! ಉಳಿದ ದಿನಗಳಲ್ಲಿ ಆ ರಕ್ತದಲ್ಲಿ ಏನಿತ್ತೋ ಅದನ್ನೇ ನೇರಳೆ ಮುಚ್ಚಳದ ಟ್ಯೂಬು ಹೇಳಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಇವರು ನನಗೆ ಮೋಸ ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಪ್ರೀತಿಯಿಂದ ಇಂಥದ್ದು ಮಾಡಿದವರಿಗೆ ಏನಂತ ಬೈಯುವುದು? ಈ ಮಾತ್ರೆಯ ಕಸುವು ಬೇಗ ಇಳಿಯುವುದಿಲ್ಲ, ಸಕ್ಕರೆ ಮತ್ತೆ ಕುಸಿಯಬಹುದು ಅಂತ ಅಕ್ಕನನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು. ನಾನೂ ಅಲ್ಲೇ ಉಳಿದೆ.

ಶನಿವಾರದ ಸಭೆಯಲ್ಲಿ ಮೇಷ್ಟ್ರು "ನಾನು ಹೇಳಿರಲಿಲ್ವಾ?" ಅನ್ನಲಿಲ್ಲ. ತಲೆ ಬಗ್ಗಿಸಿ ಕೂತಿದ್ದರು. ಡಾಕ್ಟರಮ್ಮನ ಮುಖ ಕಳೆಗುಂದಿತ್ತು. "ಇದು ಒಂದು ಊರಿನ ಕಥೆ ಇರಬಹುದು ಸಿಸ್ಟರ್. ಗೌರಿಬಿದನೂರು ಕಡೆಯದ್ದು ಸರಿ ಇದ್ದರೆ ಅದನ್ನಷ್ಟೇ ಇಟ್ಟುಕೊಂಡು ಬರೆಯೋಣ" ಅಂದರು. ಅವರೂ ಎಷ್ಟು ತಿಂಗಳಿಂದ ಇದಕ್ಕೆ ಜೀವ ತೇಯ್ದಿದ್ದರು. ನನಗೂ ಒಳಗೊಳಗೆ ಅದೇ ಆಸೆ. ನಗರಗೆರೆಯಲ್ಲಿ ಓದಿದವರು ಜಾಸ್ತಿ ಇದ್ದಾರೆ, ಅಲ್ಲಿ ಹಂಗೆಲ್ಲಾ ಆಗಿರಲ್ಲ ಅಂದುಕೊಂಡು ಆ ಕಡೆ ಹೊರಟೆ. ಸೂಜಿ ಒಯ್ಯಲಿಲ್ಲ, ಮೀಟರು ಒಯ್ಯಲಿಲ್ಲ, ಬರೀ ಕೇಳುವುದಕ್ಕೆ ಹೋದೆ.

ಅಲ್ಲಿ ನಮ್ಮ ಪಟ್ಟಿಯಲ್ಲಿ ನಿವೃತ್ತ ಶಾಲಾ ಮೇಷ್ಟ್ರೊಬ್ಬರಿದ್ದರು, ಅಚ್ಚುಕಟ್ಟಿನ ಮನುಷ್ಯ. ಕಾಫಿ ಕೊಟ್ಟರು. ನಾನು ಸುತ್ತಿಬಳಸದೆ ಕೇಳಿಬಿಟ್ಟೆ. "ನಾನು ಬರೋ ಹಿಂದಿನ ದಿನ ನೀವು ಬೇರೆ ಥರ ಊಟ ಮಾಡ್ತಿದ್ರಾ ಸಾರ್?"

ಅವರು ಮುಗುಳ್ನಕ್ಕರು. "ಪರೀಕ್ಷೆ ಅಂದ ಮೇಲೆ ಓದ್ಕೊಂಡು ಬರಬೇಕಲ್ಲಮ್ಮ? ಓದದೆ ಕೂತ್ಕೊಳ್ಳೋಕೆ ಆಗುತ್ತಾ?"

ಕಾಫಿ ಲೋಟ ಕೆಳಗಿಟ್ಟು ಎದ್ದೆ.

ವಾಪಸ್ ಬಂದು ಡಾಕ್ಟರಮ್ಮನ ಕೋಣೆಗೆ ನೇರವಾಗಿ ಹೋದೆ. "ಮೇಡಂ, ಈ ಲೇಖನ ನನ್ನ ಹೆಸರಲ್ಲಿ ಹೋಗಕೂಡದು. ಯಾರ ಹೆಸರಲ್ಲೂ ಹೋಗಕೂಡದು. ಇದನ್ನ ಓದಿ ಇನ್ನೊಂದು ಜಿಲ್ಲೇಲಿ ನನ್ನಂಥ ನರ್ಸು ಫೋನ್ ಮಾಡಿಸ್ಕೊಂಡು ಮನೆಗೆ ಹೋಗ್ತಾಳೆ. ಅಲ್ಲೊಬ್ಬರು ಅಕ್ಕ ರಂಗೋಲಿ ಹಾಕ್ತಾ ಹಾಕ್ತಾ ಬೀಳ್ತಾರೆ" ಅಂದೆ. ಹೇಳುವಾಗ ದನಿ ಜೋರಾಯಿತು, ಅಳುವೂ ಬಂತು. ಡಾಕ್ಟರಮ್ಮ ಮೇಷ್ಟ್ರನ್ನು ಕರೆಸಿದರು. "ಮೊದಲಿಂದ ಶುರು ಮಾಡೋಣ. ಈ ಸಲ ನಾವು ಹೋಗೋದ್ರಿಂದ ಏನಾಗುತ್ತೆ ಅನ್ನೋದನ್ನೂ ಬರೆಯೋಣ" ಅಂದರು. ಆ ಹೆಂಗಸಿನ ಮೇಲೆ ನನಗೆ ಅವತ್ತು ಬಂದ ಗೌರವ ಇನ್ನೂ ಇಳಿದಿಲ್ಲ.

ಹೇಳದೆ ಕೇಳದೆ ನುಗ್ಗುವ ಹಾಗಿಲ್ಲವಲ್ಲ, ಎಥಿಕ್ಸ್ ಕಮಿಟಿಗೆ ಮತ್ತೆ ಅರ್ಜಿ ಹಾಕಿದೆವು. ನಡೆದದ್ದನ್ನೆಲ್ಲಾ ಮುಚ್ಚುಮರೆಯಿಲ್ಲದೆ ತಿಳಿಸಿದೆವು. ಅವರು ಗದರಿಸಿ, ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ, ಕೊನೆಗೆ ಒಪ್ಪಿದರು. ಹೊಸ ಒಪ್ಪಿಗೆ ಪತ್ರದಲ್ಲಿ, ತಿಂಗಳಲ್ಲಿ ಯಾವ ದಿನ ಬೇಕಾದರೂ ಬರಬಹುದು, ಬೇಡ ಅಂದರೆ ಬಾಗಿಲಿಂದಲೇ ವಾಪಸ್ ಹೋಗುತ್ತೇವೆ ಅಂತ ಬರೆದೆವು. ಮನೆಮನೆಗೂ ಹೋಗಿ, ಇದು ಪಾಸು ಫೇಲಿನ ಪರೀಕ್ಷೆ ಅಲ್ಲ, ಮಾತ್ರೆ ಹೆಚ್ಚುಕಮ್ಮಿ ಮಾಡಿದರೆ ಜೀವಕ್ಕೇ ಅಪಾಯ ಅಂತ ಹೇಳಿ ಬಂದೆವು. ಮೇಷ್ಟ್ರು ಇನ್ನೊಂದು ನಿಯಮ ಸೇರಿಸಿದರು, ಅದು ನನಗೇ ಅಂತ ಮಾಡಿದ್ದು: ಅಂಕಿ ನೋಡಿ ನರ್ಸು ಬೈಯಬಾರದು, ಹೊಗಳಲೂಬಾರದು, ಮುಖ ಬದಲಾಗಬಾರದು. "ನನ್ನ ಮುಖಕ್ಕೂ ನಿಯಮನಾ ಸಾರ್?" ಅಂದೆ. "ನಿಮ್ಮ ಮುಖ ನೋಡಿಯೇ ಅಲ್ವಾ ಸಿಸ್ಟರ್ ಊರೆಲ್ಲಾ ಮಾತ್ರೆ ನುಂಗಿದ್ದು?" ಅಂದರು. ತಮಾಷೆಗೆ ಹೇಳಿದ್ದೇ ಇರಬಹುದು, ನನಗೆ ನಗು ಬರಲಿಲ್ಲ.

ಹೀಗೆ ಹೊಸದಾಗಿ ಶುರುವಾದ ಸುತ್ತಿನಲ್ಲಿ ಒಂದು ಮಧ್ಯಾಹ್ನ ಹುಳಮನೆ ಅಕ್ಕನ ಮನೆ ಮುಂದೆ ಸ್ಕೂಟರು ನಿಲ್ಲಿಸಿದೆ. ಆಶಾಗೂ ಹೇಳಿರಲಿಲ್ಲ. ಅಂಗಳದ ತುಂಬ ಹಿಪ್ಪುನೇರಳೆ ಕಡ್ಡಿ, ಗುಡಿಸಿರಲಿಲ್ಲ. ಅಕ್ಕ ಜಗಲಿ ಮೇಲೆ ಹಲಸಿನ ತೊಳೆ ಬಿಡಿಸಿಕೊಂಡು ತಿನ್ನುತ್ತಾ ಕೂತಿದ್ದವರು ನನ್ನನ್ನು ಕಂಡು ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

"ಇವತ್ತು ಬೇಡ ಸಿಸ್ಟರಮ್ಮ. ಮನೆ ನೋಡಿ ಹೆಂಗಿದೆ! ನಾಳೆ ಬನ್ನಿ."

"ಬೇಡ ಅಂದ್ರೆ ಹೋಗ್ತೀನಿ ಅಕ್ಕ. ಆದ್ರೆ ನಂಗೆ ಬೇಕಾಗಿರೋದು ಇವತ್ತಿಂದೇ."

ಅನುಮಾನಿಸುತ್ತಾ ಅನುಮಾನಿಸುತ್ತಾ ಬೆರಳು ಮುಂದೆ ಮಾಡಿದರು. ಹಲಸಿನ ರಸ ಬೆರಳಲ್ಲೇ ಇದ್ದರೆ ಅಂಕಿ ತಪ್ಪಾಗುತ್ತೆ ಅಂತ ಸೋಪು ಹಚ್ಚಿ ಚೆನ್ನಾಗಿ ತೊಳೆಸಿ ಒರೆಸಿದೆ. ಚುಚ್ಚಿದೆ. ಮುನ್ನೂರಾ ನಲವತ್ತೆರಡು. ಮೇಷ್ಟ್ರ ನಿಯಮ ನೆನೆಸಿಕೊಂಡು ಮುಖ ಕಲ್ಲು ಮಾಡಿಕೊಂಡೆ.

ಅಕ್ಕ ಮೀಟರು ನೋಡಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. "ಎಷ್ಟಮ್ಮ?"

"ಮುನ್ನೂರಾ ನಲವತ್ತೆರಡು."

"ಬೈಯಲ್ವಾ?"

"ಬೈಯಲ್ಲ ಅಕ್ಕ."

"ನಿಜವಾಗ್ಲೂ?"

"ನಿಜವಾಗ್ಲೂ."

ಒಳಗೆ ಹುಳ ಸೊಪ್ಪು ತಿನ್ನುವ ಸರಸರ ಸದ್ದು ಕೇಳುತ್ತಿತ್ತು. ಅಕ್ಕ ಬೀದಿಯ ಆ ಕಡೆ ಈ ಕಡೆ ನೋಡಿ, ಸೀರೆಯ ಅಂಚು ಸ್ವಲ್ಪ ಮೇಲಕ್ಕೆ ಎತ್ತಿದರು. "ಹಂಗಾದ್ರೆ ಇದನ್ನೂ ನೋಡಿಬಿಡಿ ಅಮ್ಮ."

ಬಲಗಾಲಿಗೆ ಹಳೆ ಬಟ್ಟೆ ಸುತ್ತಿತ್ತು. ಬಿಚ್ಚುತ್ತಿದ್ದ ಹಾಗೇ ವಾಸನೆ ಬಂತು. ಕಿರುಬೆರಳು ಕಪ್ಪಗಾಗಿತ್ತು. ಅದರ ಬುಡದಲ್ಲಿ ಅರಿಶಿನ ಮೆತ್ತಿದ ಗಾಯ, ಒತ್ತಿದರೆ ಕೀವು. ಹಿಂದಿನ ಹುಳದ ಬೆಳೆಯಲ್ಲಿ ಚಂದ್ರಿಕೆಯ ಬಿದಿರಿನ ಸಿಬಿರು ಹೊಕ್ಕಿತ್ತಂತೆ. ನೋವೇ ಆಗಲಿಲ್ಲವಂತೆ. ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ತಿಂದು ಹಾಕಿದರೆ ನೋವು ಹೇಗೆ ತಾನೇ ಗೊತ್ತಾಗಬೇಕು?

ನನ್ನ ಕಲ್ಲಿನ ಮುಖ ಅಲ್ಲಿಗೆ ಮುಗಿಯಿತು. "ಅಕ್ಕಾ, ಹೋದ ಸಲ ಒಪ್ಪಿಗೆ ಪತ್ರ ತಂದು ಇಲ್ಲೇ ಕೂತಿದ್ನಲ್ಲ! ಕಾಲು ಹೆಂಗಿದೆ ಅಂತ ಕೇಳಿದ್ನಲ್ಲ! ಯಾಕೆ ಹೇಳಲಿಲ್ಲ?"

"ಹೆಂಗೆ ಹೇಳಲಮ್ಮ? ಮನೆಗೆ ಬಂದೋರ ಮುಂದೆ ಕಾಲು ಚಾಚ್ತಾರಾ? ಅದೂ ಇಂಥಾ ಕಾಲು. ನೀವು ಬೇರೆ ಅಷ್ಟೆಲ್ಲಾ ಹೆಮ್ಮೆ ಪಡ್ತಿದ್ರಿ ನನ್ನ ಮೇಲೆ. ನೋಡಿದ ತಕ್ಷಣ ಡಾಕ್ಟ್ರು ಕಾಲು ಕಡೀಬೇಕು ಅಂತಾರೆ ಅಂತ ಭಯಾನೂ ಆಯ್ತು."

ನಾನು ಕೆಳಗೆ ಕೂತು ಆ ಕಾಲನ್ನು ಎತ್ತಿ ತೊಡೆ ಮೇಲೆ ಇಟ್ಟುಕೊಂಡೆ. "ಅಯ್ಯಯ್ಯೋ, ಬಿಡಿ ಬಿಡಿ, ಕಾಲು ತಾಗ್ತು!" ಅಂತ ಅಕ್ಕ ಹೌಹಾರಿ ಹಿಂದಕ್ಕೆ ಎಳೆದುಕೊಳ್ಳಲು ನೋಡಿದರು, ನನ್ನ ಭುಜ ಮುಟ್ಟಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾನು ಬಿಡಲಿಲ್ಲ. ತೊಳೆದು ಪಟ್ಟಿ ಕಟ್ಟುವಾಗ ಕಣ್ಣೀರು ಅದರ ಮೇಲೇ ಬೀಳುತ್ತಿತ್ತು. ನೂರಾ ಎಂಟಕ್ಕೆ ಕೆನ್ನೆ ಹಿಂಡಿದ ಕೈ ಇದೇ.

ಅವತ್ತೇ ಚಿಕ್ಕಬಳ್ಳಾಪುರಕ್ಕೆ ಕರೆತಂದೆವು. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ವಾರ ಬಿಟ್ಟಿದ್ದರೆ ಕಾಲು ಉಳೀತಿರಲಿಲ್ಲ ಸಿಸ್ಟರ್" ಅಂದರು. ಕಿರುಬೆರಳು ಹೋಯಿತು, ಕಾಲು ಉಳಿಯಿತು.

ಲೇಖನ ಮೊದಲಿನ ಹಾಗೆ ಚೆಂದವಾಗಿ ಬರಲಿಲ್ಲ. ಸರ್ರನೆ ಇಳಿಯುವ ಗೆರೆ ಇರಲಿಲ್ಲ, ಏರುಪೇರಿನ ಅಂಕಿಗಳಿದ್ದವು. ಎರಡು ಪತ್ರಿಕೆಯವರು ಬೇಡ ಅಂದರು, ಮೂರನೆಯವರು ಹಾಕಿಕೊಂಡರು. ಮುಂಚೆ ಹೇಳಿ ಹೋದಾಗ ಏನಾಯಿತು ಅನ್ನುವ ಭಾಗವನ್ನು ನಾನೇ ಬರೆದೆ. ಅದಕ್ಕೆ ಮೇಷ್ಟ್ರು ಒಂದು ಗೀಟೂ ಎಳೆಯಲಿಲ್ಲ. ಅಚ್ಚಾದ ಪ್ರತಿ ಹಿಡಿದುಕೊಂಡು, ಹೇಳದೇ ಕೇಳದೇ, ಹುಳಮನೆ ಅಕ್ಕನ ಜಗಲಿಗೆ ಹೋದೆ. ಇಂಗ್ಲಿಷ್ ಇಬ್ಬರಿಗೂ ಅಷ್ಟಕ್ಕಷ್ಟೇ. ಅಕ್ಕ ಹಾಳೆಯ ಮೇಲೆ ಕೈಯಾಡಿಸಿದರು.

"ನಿಮ್ಮ ಹೆಸರು ಮೊದಲಿಗಿದೆಯಾ?"

"ಇದೆ ಅಕ್ಕ."

"ನನ್ನ ನೂರಾ ಎಂಟು?"

"ಅದು ಸುಳ್ಳು ಅಂತ ಬರೆದಿದ್ದೀವಿ."

"ಮುನ್ನೂರಾ ಚಿಲ್ರೆ ಬಂತಲ್ಲ, ಅದು?"

"ಅದು ಇದೆ. ನಿಮ್ಮ ಹೆಸರು ಹಾಕಿಲ್ಲ, ಅಂಕಿ ಇದೆ."

"ಹಂಗಾದ್ರೆ ಸರಿ" ಅಂದರು. ನಾನು ಚೀಲದಿಂದ ಮೀಟರು ತೆಗೆದು ಬೆರಳಿಗೆ ಕೈ ಚಾಚಿದೆ. ಅಕ್ಕ ಬೆರಳು ಕೊಡಲಿಲ್ಲ. ಸೀರೆಯ ಅಂಚು ಸರಿಸಿ, ಮೊದಲು ಕಾಲು ಚಾಚಿದರು.